ವಾದಿವಿದ್ಯಾನಂದರ ಶಾಸನವೂ ಉಪಾಧ್ಯೆಯವರ ವಿದೇಶಯಾತ್ರೆಯೂ

ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ, ಪದ್ಮಾವತೀ ಬಸದಿಯ ಪ್ರಾಕಾರದೊಳಗೆ, ವಾದಿವಿದ್ಯಾನಂದರನ್ನು ಕೊಂಡಾಡುವ ಶಾಸನವೊಂದಿದೆ. ಬಿ. ಎಲ್. ರೈಸ್ ಅವರು ಅದನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ನಗರ 46 ಎಂಬ ಸಂಖ್ಯೆಯಿಂದ ಪ್ರಕಟಿಸಿ, ಅದರ ಕಾಲವನ್ನು ಸುಮಾರು ಕ್ರಿ. ಶ. 1530 ಎಂದು ಊಹಿಸಿದರು. ಆಚಾರ್ಯರು ಯಾವ ಯಾವ ಆಸ್ಥಾನಗಳಲ್ಲಿ ವಾದಿಸಿ ಗೆದ್ದರೆಂಬುದೇ ಅದರ ಮುಖ್ಯ ವಿಷಯ. ಶ್ರೀರಂಗಪಟ್ಟಣ, ಬಿಳಿಗಿ, ಕಾರ್ಕಳ, ಕೃಷ್ಣದೇವರಾಯನ ವಿದ್ಯಾನಗರ ಇತ್ಯಾದಿ ಸ್ಥಳಗಳು ಅದರಲ್ಲಿ ಒಂದಾದ ಮೇಲೊಂದು ಬರುತ್ತವೆ. ಫಿರಂಗಿಯ ಮತದ ಖಂಡನೆಯ ಮಾತು ಸಹ ಇದೆ. ಆ ಕಾಲದ ಶಾಸನದಲ್ಲಿ ಇದು ಕುತೂಹಲಕರವಾದ ಅಂಶ. ಆದರೆ ಒಂದು ಸಭೆಯಲ್ಲಾದರೂ ಪೂರ್ವಪಕ್ಷವೇನಿತ್ತು, ಆಚಾರ್ಯರು ಯಾವ ಯುಕ್ತಿಯಿಂದ ಅದನ್ನು ನಿರಾಕರಿಸಿದರು ಎಂಬುದನ್ನು ಶಾಸನಕಾರನು ತಿಳಿಸುವುದಿಲ್ಲ.

ಪ್ರಶಸ್ತಿಯ ಸ್ವಭಾವವೇ ಅದು ಎಂದು ಸಮಾಧಾನ ಹೇಳಬಹುದು. ಕಲ್ಲಿನ ಮೇಲೆ ಸ್ಥಳವೂ ಮಿತವಷ್ಟೆ. ಕಾಗದದ ಮೇಲೆ ಬರೆಯುವ ಇಂದಿನ ಸಂಸ್ಮರಣ ಲೇಖನಗಳಿಗೆ ಈ ಸಮಾಧಾನ ಸಲ್ಲುವುದಿಲ್ಲ. ಡಾ. ಆ. ನೇ. ಉಪಾಧ್ಯೆಯವರನ್ನು (1906–1975) ಕುರಿತ ಬರಹಗಳೇ ಇದಕ್ಕೆ ನಿದರ್ಶನ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿ, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ಪೀಠವನ್ನು ಅಲಂಕರಿಸಿದ ಈ ಕನ್ನಡಿಗರ ಕೀರ್ತಿಯನ್ನು ಹೇಳುವಾಗ ಲೇಖಕರು ತಪ್ಪದೆ ಮೂರು ಊರುಗಳನ್ನು ಎಣಿಸುತ್ತಾರೆ: 1971ರಲ್ಲಿ ಕ್ಯಾನ್‌ಬೆರಾ, 1973ರಲ್ಲಿ ಪ್ಯಾರಿಸ್, 1974ರಲ್ಲಿ ಬೆಲ್ಜಿಯಮ್ಮಿನ ಲೂವೆನ್. ಮೊದಲ ಎರಡು ಪ್ರಾಚ್ಯವಿದ್ಯಾವಿಶಾರದರ ಅಂತರರಾಷ್ಟ್ರೀಯ ಪರಿಷತ್ತುಗಳು; ಮೂರನೆಯದು ಧರ್ಮ ಮತ್ತು ಶಾಂತಿಯನ್ನು ಕುರಿತ ದ್ವಿತೀಯ ವಿಶ್ವಸಮ್ಮೇಳನ. ಊರುಗಳ ಹೆಸರು ಬಂದಿತೆಂದರೆ ಲೇಖನ ಮುಗಿಯಿತು. ಹೊಂಬುಜದ ಶಾಸನಕಾರನ ಮಾರ್ಗವೇ ಇದು.

ಲೂವೆನ್ನಿನಂಥ ಊರನ್ನು ಬರಿಯ ಹೆಸರಾಗಿ ಬಿಡುವುದು ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ದೊಡ್ಡ ಲೋಪ. ಅಲ್ಲಿಯ ವಿಶ್ವವಿದ್ಯಾನಿಲಯ 1425ರಲ್ಲಿ ಸ್ಥಾಪಿತವಾದುದು. 1914ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಅದರ ಗ್ರಂಥಾಲಯಕ್ಕೆ ಬೆಂಕಿಯಿಟ್ಟಾಗ ಸುಮಾರು ಮೂರು ಲಕ್ಷ ಪುಸ್ತಕಗಳೊಡನೆ ನೂರಾರು ಹಸ್ತಪ್ರತಿಗಳೂ ಭಸ್ಮವಾದವು. ಹೊಸದಾಗಿ ಕಟ್ಟಿದ ಗ್ರಂಥಾಲಯ 1940ರ ಮೇ ತಿಂಗಳಲ್ಲಿ ಮತ್ತೆ ಸುಟ್ಟಿತು. 1968ರಲ್ಲಿ ವಿಶ್ವವಿದ್ಯಾನಿಲಯವು ಭಾಷೆಯ ಕಾರಣದಿಂದ ಇಬ್ಭಾಗವಾಗಿ, ಉಳಿದ ಗ್ರಂಥಸಂಪತ್ತೂ ಹಂಚಿಹೋಯಿತು. ಸುಟ್ಟ ಪ್ರತಿಯೊಂದರ ಪಾಠ ಉಳಿಯಬೇಕಾದರೆ ಅದನ್ನು ಯಾರಾದರೂ ಮೊದಲೇ ಓದಿ, ಪಾಠಾಂತರಗಳನ್ನು ಗುರುತಿಸಿ ಇಟ್ಟಿರಬೇಕು. ಬದುಕನ್ನೆಲ್ಲ ಈ ಕೆಲಸಕ್ಕೇ ತೆತ್ತ ವಿದ್ವಾಂಸರು ಅರುವತ್ತೆಂಟನೆಯ ವಯಸ್ಸಿನಲ್ಲಿ ಆ ಊರಿಗೆ ಹೋದರೆಂಬುದು ಲೇಖಕರ ಗಮನಕ್ಕೆ ಬರಬೇಕಾಗಿತ್ತು. ಪ್ಯಾರಿಸಿನ ಪರಿಷತ್ತಿನಲ್ಲಿ ‘ಪ್ರಾಚ್ಯವಿದ್ಯಾವಿಶಾರದ’ ಎಂಬ ಹೆಸರನ್ನೇ ಕೈಬಿಡುವ ನಿರ್ಣಯವಾಯಿತೆಂಬ ಸಂಗತಿಯೂ ಹಾಗೆಯೇ ಉಪೇಕ್ಷಿತವಾಗಿದೆ.

ಉಪಾಧ್ಯೆಯವರ ಯೋಗ್ಯತೆಗೆ ನಿಜವಾದ ಪ್ರಮಾಣ ಯಾವುದು? 1935ರ ‘ಪ್ರವಚನಸಾರ’ದ ಪೀಠಿಕೆಯೊಂದೇ ಸಾಕು ಎನ್ನಬಹುದು, ಕುಂದಕುಂದಾಚಾರ್ಯರ ಕಾಲವನ್ನು ಕುರಿತ ಸಾಮಗ್ರಿಯನ್ನೆಲ್ಲ ತೂಗಿ ಅವರು ಅಲ್ಲಿ ಕ್ರಿಸ್ತಶಕದ ಆರಂಭದ ಪಕ್ಷವನ್ನು ಹಿಡಿದರು. ಆದರೆ 1938ರಲ್ಲಿ ಹೊರಬಂದ ‘ವರಾಂಗಚರಿತ’ ಇನ್ನೂ ಉತ್ತಮ ನಿದರ್ಶನ. ಕೊಲ್ಹಾಪುರದ ಲಕ್ಷ್ಮೀಸೇನ ಮಠದ ತಾಳೆಯೋಲೆಯಲ್ಲಿ ಈ ಸಂಸ್ಕೃತ ಕಾವ್ಯ ದೊರೆತಾಗ ಕರ್ತೃವಿನ ಹೆಸರು ಅದರಲ್ಲಿರಲಿಲ್ಲ. ಜಿನಸೇನನ ‘ಹರಿವಂಶಪುರಾಣ’ದ ಮಾತನ್ನು ಆಧರಿಸಿ ‘ವರಾಂಗಚರಿತ’ವನ್ನು ರವಿಷೇಣನದೆಂದು ಎಣಿಸಿದವರಿದ್ದರು. ಉಪಾಧ್ಯೆಯವರು ಕನ್ನಡದ ‘ಚಾವುಂಡರಾಯಪುರಾಣ’ದಲ್ಲಿ ಜಟಾಸಿಂಹನಂದ್ಯಾಚಾರ್ಯರ ಹೆಸರಿನಿಂದ ಉದ್ಧೃತವಾದ ಒಂದು ವೃತ್ತವನ್ನು ಈ ಕಾವ್ಯದಲ್ಲಿ ಗುರುತಿಸಿ, ಇತರ ಉಲ್ಲೇಖಗಳೊಡನೆ ಹೊಂದಿಸಿ ಕರ್ತೃತ್ವವನ್ನು ನಿರ್ಣಯಿಸಿದರು. ಕನ್ನಡ ಗದ್ಯಗ್ರಂಥವೊಂದು ಸಂಸ್ಕೃತ ಕವಿಗೆ ಅವನ ಕಾವ್ಯವನ್ನು ಮರಳಿ ಕೊಟ್ಟಿತು. ಇದನ್ನು ವಿವರಿಸಲು ಎರಡು ಪುಟ ಬೇಕು, ಓದುಗನಿಗೆ ಸ್ವಲ್ಪ ತಾಳ್ಮೆಯೂ ಬೇಕು. ವಿಮಾನಯಾನವನ್ನು ಹೇಳಲು ಒಂದು ವಾಕ್ಯ ಸಾಕು. ಲೇಖಕರು ಎರಡನೆಯದನ್ನು ಆರಿಸಿಕೊಳ್ಳುವುದೇಕೆಂದು ಬೇರೆ ಹೇಳಬೇಕಾಗಿಲ್ಲ.

ಪರಿಷತ್ತುಗಳು ನಿರರ್ಥಕವೆಂದು ಇದರ ಅಭಿಪ್ರಾಯವಲ್ಲ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಹೊಳೆಬಾಗಿಲಿನ ಬಳಿ ಹರಡಿ, ಘಟ್ಟವಿಳಿದು ವಿದ್ಯಾನಂದರ ಗೇರುಸೊಪ್ಪೆಯನ್ನು ಮುಟ್ಟುತ್ತದೆ. ಈ ಸೀಮೆಯಲ್ಲಿ ಹೊಳೆ ದಾಟದೆ ವಿದ್ಯೆ ಸಂಚರಿಸಿದ್ದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯುವುದು ವಾಡಿಕೆಯಾಯಿತು. 2025ರಲ್ಲಿ ಸೇತುವೆಯೇ ಆಯಿತು. ದಾಟುವುದು ಸುಲಭವಾದಂತೆ, ದಾಟಿದವನು ಆಚೆಯ ದಡದಲ್ಲಿ ಯಾವ ಕಟ್ಟನ್ನು ಬಿಚ್ಚಿದನೆಂದು ಕೇಳುವ ಅಗತ್ಯ ಹೆಚ್ಚುತ್ತದೆ.

ವಿದ್ಯಾನಂದರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವುಂಟು, ಅದು ಶಾಸನದಲ್ಲಿಲ್ಲ. ಅಭಿನವವಾದಿವಿದ್ಯಾನಂದರ ಹೆಸರಿನ ‘ಕಾವ್ಯಸಾರ’ವು ಹಿಂದಿನ ಕನ್ನಡ ಕವಿಗಳಿಂದ ಆಯ್ದ ಪದ್ಯಗಳ ಸಂಕಲನ. ಮೂಲವು ಇಂದು ದೊರೆಯದ, ಮೊದಲನೆಯ ಗುಣವರ್ಮನ ‘ಶೂದ್ರಕ’ದಂಥ ಕೃತಿಯ ಪದ್ಯಗಳೂ ಅದರಲ್ಲಿ ಉಳಿದುಬಂದಿವೆ. ಆಸ್ಥಾನಗಳಲ್ಲಿ ಆಡಿದ ವಾದಗಳಲ್ಲಿ ಒಂದಾದರೂ ಉಳಿಯಲಿಲ್ಲ. ಓಲೆಗಳನ್ನು ಓದುತ್ತ ಎತ್ತಿಟ್ಟುಕೊಂಡ ಪದ್ಯಗಳು ಉಳಿದವು. ಉಪಾಧ್ಯೆಯವರ ಚರಿತ್ರೆಯನ್ನು ಮುಂದೆ ಬರೆಯುವವರು ಲೂವೆನ್ನಿನ ಹೆಸರನ್ನು ಬಿಡಬೇಕಾಗಿಲ್ಲ. ಆದರೆ ಅದಕ್ಕೆ ಮೊದಲು ಲಕ್ಷ್ಮೀಸೇನ ಮಠದ ಆ ತಾಳೆಯೋಲೆಯ ವರ್ಣನೆ ಬರಲಿ, ಚಾವುಂಡರಾಯನು ಉದ್ಧರಿಸಿದ ವೃತ್ತ ‘ವರಾಂಗಚರಿತ’ದ ಯಾವ ಸರ್ಗದ್ದೆಂಬುದು ಬರಲಿ.