ನೈಸ್ ಅಂದ್ರೆ ಏನು?

ಗೆಳೆಯನೊಬ್ಬ ತನ್ನ ಕಥಾಸಂಕಲನ ಕಳಿಸಿದ್ದ. ಎರಡು ಕತೆ ಓದಿದೆ. ಉಳಿದದ್ದು ಆಮೇಲೆ ನೋಡಿದರಾಯ್ತು ಅಂದುಕೊಂಡು ‘ನೈಸ್ ಬುಕ್ ಕಣೋ’ ಅಂತ ಮೆಸೇಜ್ ಹಾಕಿದೆ. ತಕ್ಷಣ ಕೇಳಿದ: ‘ಯಾವ ಕತೆ ಹಿಡಿಸ್ತು?’ ನನ್ನ ಹತ್ರ ಉತ್ತರವಿರಲಿಲ್ಲ. ಅವತ್ತಿನಿಂದ ಈ ‘ನೈಸ್’ ನನ್ನ ಬೆನ್ನು ಬಿದ್ದಿದೆ.

ಈ ಪದವನ್ನು ಚೆನ್ನಾಗಿ ಗೇಲಿ ಮಾಡಿದವಳು ಜೇನ್ ಆಸ್ಟಿನ್. ಅವಳು ತೀರಿಕೊಂಡ ಮೇಲೆ, 1817ರ ಕೊನೆಗೆ ಹೊರಬಂದ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಆ ಪ್ರಸಂಗ ಬರುತ್ತೆ. ಬಾತ್ ಊರಿನ ಹತ್ತಿರ ವಾಕಿಂಗ್ ಹೊರಟಾಗ ಕ್ಯಾಥರೀನ್ ಎಂಬ ಹುಡುಗಿ, ಆ್ಯನ್ ರ್‍ಯಾಡ್‌ಕ್ಲಿಫ್‌ಳ ‘ಉಡಾಲ್ಫೋ’ ಕಾದಂಬರಿಯನ್ನು ನೈಸ್ ಅಂತ ಹೊಗಳುತ್ತಾಳೆ. ಜೊತೆಗಿದ್ದ ಹೆನ್ರಿ ಟಿಲ್ನಿ ಬಿಡ್ತಾನಾ? ನೈಸ್ ಅಂದರೆ ಅಚ್ಚುಕಟ್ಟು ತಾನೆ, ಹಾಗಾದರೆ ಅದು ಬೈಂಡಿಂಗಿಗೆ ಸಂಬಂಧಪಟ್ಟ ಮಾತು ಅಂತ ಕಾಲೆಳೆಯುತ್ತಾನೆ. ಮೊದಲು ನಯ, ನಾಜೂಕು, ಅಚ್ಚುಕಟ್ಟಿಗೆ ಮೀಸಲಾಗಿದ್ದ ಪದ ಈಗ ಎಲ್ಲಕ್ಕೂ ಸಲ್ಲುತ್ತಿದೆ ಅನ್ನೋದು ಅವನ ದೂರು.

ತಮಾಷೆ ಏನಂದ್ರೆ, ಹೆನ್ರಿ ಹೇಳುವ ‘ಮೊದಲು’ ನಿಜಕ್ಕೂ ಮೊದಲಲ್ಲ. ಲ್ಯಾಟಿನ್ನಿನ ‘ನೆಸಿಯಸ್’, ಅಂದರೆ ಅರಿಯದವನು, ಈ ಪದದ ಬೇರು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ, ಪೆದ್ದ. ಆಮೇಲೆ ಅತಿ ನಾಜೂಕಿನವರು, ಆಮೇಲೆ ಸೂಕ್ಷ್ಮ, ಕರಾರುವಾಕ್ಕು. 18ನೇ ಶತಮಾನದ ಹೊತ್ತಿಗೆ ‘ಹಿತವಾದದ್ದು’. ಮೂಲಾರ್ಥವೇ ಸರಿ ಅಂತ ಹಟ ಹಿಡಿದರೆ, ಉಡಾಲ್ಫೋವನ್ನು ದಡ್ಡ ಪುಸ್ತಕ ಅಂತ ಕರೀಬೇಕಾಗುತ್ತೆ!

ಕನ್ನಡಕ್ಕೆ ಬಂದ ಮೇಲೂ ಈ ಪದ ಸುಮ್ಮನೆ ಕೂತಿಲ್ಲ. ಅಡುಗೆಮನೆಯಲ್ಲಿ ‘ಹಿಟ್ಟು ನೈಸಾಗಿ ರುಬ್ಬು’ ಅಂದರೆ ತರಿಯಿಲ್ಲದಂತೆ ಅಂತ. ‘ನೈಸ್ ಮಾಡ್ತಾನೆ’ ಅಂದರೆ ಕೆಲಸ ಆಗಲೆಂದು ಪೂಸಿ ಹೊಡೀತಾನೆ ಅಂತ. ಮಾತು ಹೀಗೇ ಬೆಳೆಯೋದು. ಅದನ್ನು ಕೆಟ್ಟಿತು ಅನ್ನೋಕೆ ನಾವ್ಯಾರು?

ಹಾಗಿದ್ರೆ ಹೆನ್ರಿಯ ದೂರು ಬರೀ ಪಂಡಿತಗಿರಿಯಾ? ಅವನ ತಂಗಿ ಎಲಿನರ್ ಹಾಗೇ ಭಾವಿಸಿದಂತಿದೆ. ಅತಿ ನಾಜೂಕು ಅನ್ನುವ ಅರ್ಥದಲ್ಲಿ ‘ನೈಸ್’ ಪದವನ್ನೇ ತಿರುಗಿಸಿ ಅಣ್ಣನಿಗೆ ಕುಟುಕುತ್ತಾಳೆ. ಆದರೆ ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಹೆನ್ರಿ ಆ ಪುಸ್ತಕವನ್ನು ಎರಡೇ ದಿನದಲ್ಲಿ ಓದಿ ಮುಗಿಸಿದವನು. ಕ್ಯಾಥರೀನಳಂತೂ ಅದರಲ್ಲೇ ಮುಳುಗಿದ್ದಾಳೆ. ಅವಳ ‘ನೈಸ್’ ಸವಕಲು ಪದವೇ ಇರಬಹುದು, ಅದರ ಹಿಂದೆ ನಿದ್ದೆಗೆಟ್ಟು ಓದಿದ ಸುಖ ಇದೆ. ಯಾಕೆ ಅಂತ ಕೇಳಿದರೆ ಗಂಟೆಗಟ್ಟಲೆ ಹೇಳಿಯಾಳು.

ನನ್ನ ‘ನೈಸ್’ ಹಿಂದೆ ಏನಿತ್ತು? ಓದದೇ ಬಿಟ್ಟ ಹನ್ನೊಂದು ಕತೆ. ಲ್ಯಾಟಿನ್ ಲೆಕ್ಕದಲ್ಲಿ ಪದ ಸರಿಯಾಗೇ ಬಿದ್ದಿತ್ತು, ಪುಸ್ತಕಕ್ಕಲ್ಲ, ನನಗೆ. ಕನ್ನಡದ ಲೆಕ್ಕದಲ್ಲಿ ಗೆಳೆಯನಿಗೆ ನೈಸ್ ಮಾಡಿದ್ದೆ.

ಹೋದ ವಾರ ಪೂರ್ತಿ ಓದಿದೆ. ಏಳನೆಯದು ಹಿಡಿಸ್ತು, ಕೊನೆಯದು ಎಳೆದಂತಾಯ್ತು ಅಂತ ಬರೆದೆ. ಕೊನೆಯದರ ಬಗ್ಗೆ ಇನ್ನೂ ಜಗಳ ಆಡ್ತಾ ಇದ್ದಾನೆ.