ಕಡತಗಳ ಆಯುರ್ನಿರ್ಣಯ: ಒಂದು ವಿಮರ್ಶೆ

ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಟ್ಟೆಗೆ ಲೇಪಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಮೂಲತಃ ಕಡತ. ಅದರಲ್ಲಿ ಬರೆದುದನ್ನು ಅಳಿಸಿ ಪುನಃ ಬರೆಯಬಹುದಾಗಿತ್ತು. ಆದಕಾರಣ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಪ್ರಶ್ನೆಯು ಕಡತದೊಡನೆಯೇ ಹುಟ್ಟಿದುದು.

ಕರ್ನಾಟಕದ ಕಚೇರಿ ಪದ್ಧತಿಯು ಇದಕ್ಕೆ ವರ್ಗೀಕರಣದ ಮೂಲಕ ಉತ್ತರವೀಯುತ್ತದೆ. ವ್ಯವಹಾರ ಮುಗಿದ ಕಡತವು ‘ಎ’ ವರ್ಗದ್ದಾದರೆ ಶಾಶ್ವತ; ‘ಬಿ’ ವರ್ಗಕ್ಕೆ 30, ‘ಸಿ’ ವರ್ಗಕ್ಕೆ 10, ‘ಡಿ’ ವರ್ಗಕ್ಕೆ 5, ‘ಇ’ ವರ್ಗಕ್ಕೆ 1 ವರ್ಷದ ಆಯುಷ್ಯ. ಈ ಕ್ರಮದ ಗುಣವನ್ನು ಅಲ್ಲಗಳೆಯಲಾಗದು. ಎಲ್ಲವನ್ನೂ ಉಳಿಸಹೊರಟರೆ ಬೇಕಾದುದು ಬೇಡದುದರ ಅಡಿಯಲ್ಲಿ ಹೂತುಹೋಗುತ್ತದೆ. ಆದರೆ ಕಚೇರಿಯ ಪ್ರಯೋಜನವೊಂದನ್ನೇ ಪ್ರಮಾಣವಾಗಿ ಗ್ರಹಿಸುವುದು ಇದರ ದೋಷ.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯಿದೆ. ಇಂತಹ ಸ್ಥಾನಗಳ ಪ್ರಾಚೀನ ದತ್ತಿಗಳನ್ನು ಶಾಸನಗಳು ತಿಳಿಸುತ್ತವೆ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಶಾಸನಗಳನ್ನು ರೈಸರು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಆದರೆ ದತ್ತಿಭೂಮಿಯು ಮುಂದೆ ಯಾರ ಕೈಸೇರಿತು, ಪೂಜಾದಿಗಳು ಹೇಗೆ ನಡೆದುವು ಎಂಬುದಕ್ಕೆ ಇನಾಂ ಕಾಗದಪತ್ರಗಳೇ ಆಧಾರ. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಶಾಸನದ ಪ್ರಕರಣಗಳು ಇತ್ಯರ್ಥವಾದ ಬಳಿಕ ಅವು ಕಚೇರಿಗೆ ನಿರುಪಯುಕ್ತ. ಇತಿಹಾಸಕಾರನಿಗೆ ಅವುಗಳ ಉಪಯೋಗ ಆರಂಭವಾಗುವುದೇ ಆಗ. ಶಿಲೆಯು ತನ್ನ ಬಲದಿಂದ ಉಳಿಯಿತು. ಕಾಗದದ ಉಳಿವು ಗುಮಾಸ್ತನ ಒಂದು ಅಕ್ಷರವನ್ನು ಅವಲಂಬಿಸಿದೆ.

ಕೇಂದ್ರ ಸರ್ಕಾರದ ದಾಖಲೆಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು, ತೀರ ಶಿಥಿಲವಾದುವನ್ನುಳಿದು, 1892ಕ್ಕೆ ಹಿಂದಿನ ದಾಖಲೆಗಳ ನಾಶವನ್ನು ನಿಷೇಧಿಸುತ್ತದೆ. ಇದು ಶ್ಲಾಘ್ಯವಾದರೂ ಪ್ರಾಚೀನತೆಯೊಂದೇ ಮೌಲ್ಯದ ಅಳತೆಯಾಗಲಾರದು. 1955ರ ಇನಾಂ ಪತ್ರವು ಇಂತಹ ಗಡಿಯ ಹೊರಗೇ ಉಳಿಯುತ್ತದೆ.

2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಡಿ ರಾಜ್ಯದ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಕೈಗೊಳ್ಳಲಾಯಿತು. ಇದರಿಂದ ಮೂಲಪತ್ರಗಳ ಮೇಲಿನ ಕೈಬಳಕೆ ತಗ್ಗುವುದು ನಿಜ. ಆದರೆ ಪ್ರತಿಯು ಸಿದ್ಧವಾಯಿತೆಂದು ಮಾತೃಕೆಯನ್ನು ತ್ಯಜಿಸುವುದು ಗ್ರಂಥಸಂಪಾದನ ನ್ಯಾಯಕ್ಕೆ ವಿರುದ್ಧ. ಹಾಳೆಯ ಹಿಂಬದಿಯ ಷರಾ, ಶಾಯಿಯ ಭೇದ, ಕಟ್ಟಿನ ಅನುಕ್ರಮ ಇವುಗಳಲ್ಲಿ ಸಂದೇಹ ಬಂದಾಗ ಮೂಲವೇ ಪ್ರಮಾಣ.

ಶಾಸ್ತ್ರಭಂಡಾರಗಳ ಪರಂಪರೆಯು ಇಲ್ಲಿ ದಾರಿ ತೋರಬಲ್ಲುದು. ಶ್ರುತಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ಹೊಸ ವಸ್ತ್ರದಲ್ಲಿ ಕಟ್ಟುವ ಆಚಾರವು ವಸ್ತುತಃ ವಾರ್ಷಿಕ ತಪಾಸಣೆ. ಬರೆದವರು, ಬರೆಯಿಸಿದವರು, ಕಾಲ ಇವನ್ನು ಹೇಳುವ ಅಂತ್ಯಪ್ರಶಸ್ತಿಯು ಪ್ರತಿಯ ಜನನಪತ್ರ. ಆದರೆ ಸೂಚಿಯಿಲ್ಲದ ರಕ್ಷಣೆ ಅರ್ಧ ರಕ್ಷಣೆಯೇ ಸರಿ. ಈ ಕೊರತೆಯನ್ನು ತುಂಬುವ ದಿಸೆಯಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಮಹತ್ತ್ವದ ಹೆಜ್ಜೆಯಾಯಿತು.

ಆದುದರಿಂದ ವಿಲೇವಾರಿಗೆ ಮುನ್ನ ಹಳೆಯ ಬರಹವನ್ನು ಓದಬಲ್ಲವರೊಬ್ಬರು ಪ್ರತಿಯೊಂದು ಕಟ್ಟನ್ನೂ ನೋಡತಕ್ಕದ್ದು. ನಾಶಪಡಿಸಿದವುಗಳ ಸಕಾರಣ ಪಟ್ಟಿಯು ‘ಎ’ ವರ್ಗದಲ್ಲಿ ಉಳಿಯತಕ್ಕದ್ದು. ಏನು ಹೋಯಿತೆಂಬ ಅರಿವಾದರೂ ಮುಂದಿನವರಿಗೆ ದೊರೆಯಬೇಕು.