ಹಿಮ್ಮಡಿ ನೆಲ ಮುಟ್ಟಿದರೆ ಸಾಕೇ?

ತುದಿಗಾಲಲ್ಲಿ ನಡೆಯುವ ಮಗುವಿನ ಹಿಮ್ಮಡಿ ನೆಲಕ್ಕೆ ತಾಗುವಂತೆ ಮಾಡುವುದು ಮೂಳೆ ವೈದ್ಯರಿಗೆ ಕಷ್ಟದ ಕೆಲಸವೇನಲ್ಲ. ಹಿಮ್ಮಡಿಯ ಸ್ನಾಯುರಜ್ಜುವನ್ನು ಕೊಯ್ದು ಉದ್ದ ಮಾಡಿದರೆ, ಪ್ಲಾಸ್ಟರ್ ಬಿಚ್ಚಿದಾಗ ಪಾದ ಚಪ್ಪಟೆಯಾಗಿ ಊರುತ್ತದೆ. ಮನೆಯವರಿಗೂ ಖುಷಿ, ವೈದ್ಯರಿಗೂ ಖುಷಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ವಿಷಯದಲ್ಲಿ ನನ್ನ ತಕರಾರು ಇರುವುದು ಈ ಸುಲಭದ ಗೆಲುವಿನ ಬಗ್ಗೆಯೇ.

ಮೂಲ ಪೆಟ್ಟು ಬಿದ್ದಿರುವುದು ಮೆದುಳಿಗೆ. ಅದು ಹೆಚ್ಚುವುದಿಲ್ಲ, ಯಾವ ಕತ್ತಿಗೂ ಸಿಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಬಿಗಿದ ಸ್ನಾಯು ಮೂಳೆಯಷ್ಟು ಬೇಗ ಉದ್ದವಾಗದು. ತೊಡೆಮೂಳೆಯ ಹುಟ್ಟಿನ ತಿರುಚು ಬಿಚ್ಚಿಕೊಳ್ಳದೆ ಉಳಿಯುತ್ತದೆ, ಮಂಡಿ ಮಡಚಿಕೊಳ್ಳುತ್ತದೆ, ಪಾದ ಓರೆಯಾಗುತ್ತದೆ. ಹಿಂದೆಲ್ಲ ಇವನ್ನು ಒಂದೊಂದಾಗಿ ಸರಿಪಡಿಸುತ್ತಿದ್ದರು: ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ, ಆಮೇಲೆ ಸೊಂಟ. ಮಕ್ಕಳ ಹುಟ್ಟುಹಬ್ಬಗಳೆಲ್ಲ ಆಸ್ಪತ್ರೆಯಲ್ಲೇ ಕಳೆಯುವುದನ್ನು ಕಂಡು ಟೊರಾಂಟೊದ ಮೂಳೆ ವೈದ್ಯ ಮರ್ಸರ್ ರ‍್ಯಾಂಗ್ ಅದನ್ನು ‘ಬರ್ತ್‌ಡೇ ಸಿಂಡ್ರೋಮ್’ ಎಂದು ಚುಚ್ಚಿದ್ದರು.

ಎರಡೂ ಕಾಲು ಬಿಗಿದ ಮಕ್ಕಳಲ್ಲಿ ಹಿಮ್ಮಡಿಯೊಂದನ್ನೇ ಸಡಿಲಿಸುವುದು ಇನ್ನೂ ದುಬಾರಿ. ನಿಂತಾಗ ಮೊಣಕಾಲ ಕೆಳಗಿನ ಕಾಲು ಮುಂದಕ್ಕೆ ಬಾಗದಂತೆ ಹಿಡಿಯುವುದು ಹಿಮ್ಮಡಿಯ ಸ್ನಾಯುರಜ್ಜುವಿಗೆ ಅಂಟಿದ ಮೀನಖಂಡ. ಅದನ್ನು ಅಳತೆ ಮೀರಿ ಸಡಿಲಿಸಿದರೆ ಮಂಡಿ ಕುಸಿಯುತ್ತದೆ. ಐದಾರು ವರ್ಷದ ಪುಟ್ಟ ಮೈಗೆ ಅದು ಅಷ್ಟಾಗಿ ಕಾಣದಿರಬಹುದು. ಹದಿಹರೆಯದಲ್ಲಿ ತೂಕ ಏರಿದಾಗ ಮಗು ಅರ್ಧ ಕೂತಂತೆ ನಡೆಯತೊಡಗುತ್ತದೆ, ಮಂಡಿ ನೋಯುತ್ತದೆ, ನಡಿಗೆಯೇ ಬೇಡವಾಗುತ್ತದೆ. ಬಿಗಿಯನ್ನು ಸಡಿಲಿಸಬಹುದು, ಕಳೆದ ಬಲವನ್ನು ಮರಳಿ ತರುವುದು ಬಲು ಕಷ್ಟ.

ಇದಕ್ಕೆ ಉತ್ತರವಾಗಿ ಬಂದದ್ದು ನಡಿಗೆಯ ಪ್ರಯೋಗಾಲಯ. ಅಮೆರಿಕದ ಸೇಂಟ್ ಪಾಲ್‌ನ ಗಿಲೆಟ್ ಆಸ್ಪತ್ರೆಯಲ್ಲಿ ಜೇಮ್ಸ್ ಗೇಜ್ ಇದನ್ನು ಬೆಳೆಸಿದರು. ಕ್ಯಾಮೆರಾಗಳು ಪ್ರತಿ ಕೀಲಿನ ಚಲನೆಯನ್ನು ಅಳೆಯುತ್ತವೆ. ಆಮೇಲೆ ತಿರುಚಿದ ಮೂಳೆ, ಬಿಗಿದ ಸ್ನಾಯು ಎಲ್ಲವನ್ನೂ ಒಂದೇ ಸಲಕ್ಕೆ ಸರಿಪಡಿಸುತ್ತಾರೆ. ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ, ಆದರೆ ಅದರ ಪುರಾವೆಯ ಗಾತ್ರ ನೋಡಿ. 2011ರಲ್ಲಿ ಮೆಲ್ಬರ್ನ್‌ನ ತಂಡ ಪ್ರಕಟಿಸಿದ ಯಾದೃಚ್ಛಿಕ ಪ್ರಯೋಗದಲ್ಲಿದ್ದದ್ದು 19 ಮಕ್ಕಳು, ಅವರಲ್ಲಿ 11 ಮಂದಿಗೆ ಶಸ್ತ್ರಚಿಕಿತ್ಸೆ. ವರ್ಷದೊಳಗೆ ನಡಿಗೆಯ ರೀತಿ ಗಣನೀಯವಾಗಿ ಸುಧಾರಿಸಿತು. ಕುಳಿತು, ಎದ್ದು, ಹತ್ತಿ ಓಡಾಡುವ ಒಟ್ಟು ಸಾಮರ್ಥ್ಯದ ಅಂಕ ಹೆಚ್ಚಿದ್ದು ಎರಡು ವರ್ಷದಲ್ಲಿ ಶೇ. 5ರಷ್ಟು ಮಾತ್ರ. ಚೆಂದದ ನಡಿಗೆ ಬೇರೆ, ಹೆಚ್ಚಿನ ಓಡಾಟ ಬೇರೆ. ಈ ಅಂತರವನ್ನು ತಂದೆತಾಯಿಗೆ ಬಿಡಿಸಿ ಹೇಳದೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ಒಪ್ಪಲಾರೆ.

ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಮಗು ಮೊದಲಿಗಿಂತ ದುರ್ಬಲವಾಗಿರುತ್ತದೆ. ಚೇತರಿಕೆಗೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಬೆಂಗಳೂರಿನಲ್ಲಿ ಕೊಯ್ಯಿಸಿಕೊಂಡು ಊರಿಗೆ ಮರಳಿದ ಮಗುವಿಗೆ ಹತ್ತಿರದಲ್ಲಿ ಫಿಸಿಯೋಥೆರಪಿ ಸಿಗದಿದ್ದರೆ, ಅಪ್ಪನೋ ಅಮ್ಮನೋ ಕೂಲಿ ಬಿಟ್ಟು ಬಸ್ಸು ಹಿಡಿಯಬೇಕು. ಅದು ಆಗದ ಮಾತಾದರೆ ಆಪರೇಷನ್ ಮುಂದೂಡುವುದೇ ಲೇಸು. ಸೊಂಟದ ಕೀಲು ಜಾರುತ್ತಿದ್ದರೆ ಮಾತು ಬೇರೆ.

ಫಲಿತಾಂಶ ಅಳೆಯಲು ನನಗೆ ಹಿಡಿಸುವುದು ಮೆಲ್ಬರ್ನ್‌ನ ಕೆರ್ ಗ್ರಹಾಂ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಸರಳ ಮಾಪನ. ಮನೆಯೊಳಗೆ 5 ಮೀಟರ್, ಶಾಲೆಯಲ್ಲಿ 50, ಪೇಟೆಯಲ್ಲಿ 500: ಎಲ್ಲೆಲ್ಲಿ ಮಗು ಹೇಗೆ ಹೋಗುತ್ತದೆ, ಕೋಲು ಹಿಡಿದೋ, ವಾಕರ್ ತಳ್ಳಿಯೋ, ಬರಿಗೈಯಲ್ಲೋ? 500 ಮೀಟರಿಗೆ ಗಾಲಿಕುರ್ಚಿ ಎಂದು ಬರೆಯಲೂ ಅದರಲ್ಲಿ ಜಾಗವಿದೆ.